ಮೊದಲು ಸ್ಟಾಫ್ ರೂಮ್, ಆಮೇಲೆ ಕ್ಲಾಸ್ ರೂಮ್: ಶಾಲೆಯಲ್ಲಿ ಮನಸ್ಸಿನ ಆರೋಗ್ಯ ನೋಡಿಕೊಳ್ಳುವುದು ಹೇಗೆ?

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಹೊಟ್ಟೆನೋವು. ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ಶುರುವಾಗುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಒಮ್ಮೆ ಓಮದ ನೀರು ಕೊಟ್ಟೆ. ಇನ್ನೊಮ್ಮೆ ಲೈಬ್ರರಿಯ ಬೆಂಚಿನ ಮೇಲೆ ಮಲಗಿಸಿದೆ. ಮೂರನೇ ಸಲ ಅಮ್ಮನಿಗೆ ಫೋನ್ ಮಾಡಿ ಮನೆಗೆ ಕಳಿಸಿದೆ. "ಬೆಳಿಗ್ಗೆ ಸರಿಯಾಗಿ ತಿಂಡಿ ತಿನ್ನುವುದಿಲ್ಲ ಟೀಚರೇ" ಎಂದರು ಅಮ್ಮ. ನಾನೂ ಹಾಗೇ ಅಂದುಕೊಂಡೆ. ಕೊನೆಗೆ ನಮ್ಮ ಬಿಸಿಯೂಟದ ಅಕ್ಕ ಅಕ್ಕಿ ತೊಳೆಯುತ್ತಾ ಕೇಳಿದರು: "ಅಲ್ಲ ಟೀಚರೇ, ಆ ಮಗುವಿಗೆ ಗುರುವಾರ ಮಾತ್ರ ಹೊಟ್ಟೆ ನೋಯುವುದು ಎಂತಕ್ಕೆ?"

ಗುರುವಾರ ಮೊದಲ ಪೀರಿಯಡ್ ಇಂಗ್ಲಿಷ್. ಒಬ್ಬೊಬ್ಬರೇ ಎದ್ದು ನಿಂತು ಜೋರಾಗಿ ಪಾಠ ಓದಬೇಕು. ಏಳನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಕಲಿತು ಬಂದವಳು ಅವಳು. ಜೂನ್‌ನಲ್ಲಿ ಒಂದು ಪದ ತಪ್ಪಿ ಓದಿದಾಗ ಇಡೀ ಕ್ಲಾಸು ನಕ್ಕಿತ್ತು. ಆ ಇಂಗ್ಲಿಷ್ ಟೀಚರ್ ಬೇರೆ ಯಾರೂ ಅಲ್ಲ, ನಾನೇ.

ಉಡುಪಿ ಕಡೆಯ ಹೈಸ್ಕೂಲುಗಳಲ್ಲಿ ಪಾಠ ಮಾಡುತ್ತಾ ಇಪ್ಪತ್ತು ವರ್ಷ ಕಳೆದಿದ್ದೇನೆ. ನಾನು ಮನಸ್ಸಿನ ಡಾಕ್ಟರಲ್ಲ. ಟೀಚರ್‌ಗಳು, ಹೆಡ್‌ಮಾಸ್ಟ್ರು, ಎಸ್‌ಡಿಎಂಸಿಯವರು (ಶಾಲೆಯ ಅಭಿವೃದ್ಧಿ ಸಮಿತಿಯವರು) ಮಾಡಬಹುದಾದ ಕೆಲಸಗಳನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಏಳರಲ್ಲಿ ಒಬ್ಬರಿಗೆ ಏನಾದರೊಂದು ಮಾನಸಿಕ ತೊಂದರೆ ಇರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಲವತ್ತೆರಡು ಮಕ್ಕಳ ಕ್ಲಾಸಿಗೆ ಲೆಕ್ಕ ಹಾಕಿ, ಆರು ಮಕ್ಕಳು. ಆರೂ ಮಂದಿಯನ್ನು ಡಾಕ್ಟರ ಹತ್ತಿರ ಓಡಿಸಬೇಕಾಗಿಲ್ಲ. ಆದರೆ ಯಾರು ಆ ಆರು ಮಂದಿ ಎಂದು ಶಾಲೆಯಲ್ಲಿ ಯಾರಿಗಾದರೂ ಗೊತ್ತಿರಬೇಕು, ಅಲ್ವಾ?

ಹೆಜ್ಜೆ 1: ಸ್ಟಾಫ್ ರೂಮಿನಿಂದ ಶುರು ಮಾಡಿ

ಎಲ್ಲರೂ ಮಕ್ಕಳಿಂದ ಶುರು ಮಾಡುತ್ತಾರೆ. ಒಂದು ಭಾಷಣ, ಒಂದು ಪೋಸ್ಟರ್, ಗ್ರೂಪ್ ಫೋಟೋ, ಮುಗಿಯಿತು. ನನ್ನ ಅನುಭವದಲ್ಲಿ ಅದು ನಿಲ್ಲುವುದಿಲ್ಲ. ಮಗುವಿನ ಮುಖ ಬಾಡಿದ್ದು ಕಾಣಬೇಕಾದರೆ ನೋಡುವವರಿಗೆ ಒಂದು ನಿಮಿಷ ಪುರುಸೊತ್ತು ಇರಬೇಕು. ಹೊಟ್ಟೆನೋವಿನ ಹುಡುಗಿ ನನ್ನ ಕಣ್ಣಿಗೆ ಬೀಳಲಿಲ್ಲ ಯಾಕೆ? ಆ ತಿಂಗಳು ನನ್ನ ತಲೆಯಲ್ಲಿ ಇದ್ದದ್ದು ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಸ್ಕಾಲರ್‌ಶಿಪ್ ಅರ್ಜಿ, ಮತದಾರರ ಪಟ್ಟಿ, ಮತ್ತು ರಜೆಯಲ್ಲಿದ್ದ ಸಹೋದ್ಯೋಗಿಯ ಆರು ಪೀರಿಯಡ್. 2025ರ ದಸರಾ ರಜೆಯಲ್ಲಿ ಸಮೀಕ್ಷೆಗೆಂದು ಮನೆ ಮನೆ ಸುತ್ತಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಮೊದಲ ಕೆಲಸ ಒಂದು ಬಿಳಿ ಹಾಳೆ. ಒಂದು ವಾರ ಪ್ರತಿಯೊಬ್ಬರೂ ಪಾಠ ಬಿಟ್ಟು ಮಾಡಿದ ಕೆಲಸ ಬರೆಯಿರಿ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆಯಿರಿ. ಶನಿವಾರ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿ. ನಮ್ಮಲ್ಲಿ ನೋಡಿದಾಗ ಒಂದೇ ಮಾಹಿತಿಯನ್ನು ಮೂವರು ಮೂರು ಕಡೆ ಬರೆಯುತ್ತಿದ್ದರು. ಆನ್‌ಲೈನ್ ಕೆಲಸವೆಲ್ಲ ಕಂಪ್ಯೂಟರ್ ಗೊತ್ತಿರುವ ಒಬ್ಬರೇ ಟೀಚರ ತಲೆ ಮೇಲೆ ಬಿದ್ದಿತ್ತು. ಅವರು ರಾತ್ರಿ ಹನ್ನೊಂದಕ್ಕೆ ಮಕ್ಕಳನ್ನು ಮಲಗಿಸಿ ಕೂತು ಮಾಡುತ್ತಿದ್ದರು ಎಂದು ಆ ದಿನದವರೆಗೆ ನಮಗೆ ಗೊತ್ತೇ ಇರಲಿಲ್ಲ. ಇಲಾಖೆಯ ಕೆಲಸವನ್ನು ಶಾಲೆ ಕಡಿಮೆ ಮಾಡಲಾರದು. ಹಂಚಿಕೊಳ್ಳಬಹುದು.

ಎರಡನೆಯದು ವಾಟ್ಸಾಪ್. ರಾತ್ರಿ ಎಂಟರ ಮೇಲೆ ಸ್ಟಾಫ್ ಗ್ರೂಪಿನಲ್ಲಿ ಕೆಲಸದ ಮೆಸೇಜ್ ಬೇಡ. ಮಳೆಗೆ ರಜೆ ಘೋಷಣೆಯಾದರೆ ಅದಕ್ಕೆ ವಿನಾಯಿತಿ, ಜೂನ್ ಜುಲೈಯಲ್ಲಿ ಜಿಲ್ಲಾಧಿಕಾರಿಗಳ ಆದೇಶಕ್ಕೆ ಕಾಯುವುದು ನಮ್ಮೂರಿನ ಹಬ್ಬವೇ. ಉಳಿದದ್ದು ಬೆಳಿಗ್ಗೆ ನೋಡಿದರೂ ನಡೆಯುತ್ತದೆ. ಈ ನಿಯಮ ಮೊದಲು ಹೆಡ್‌ಮಾಸ್ಟ್ರೇ ಪಾಲಿಸಬೇಕು. ಇಲ್ಲದಿದ್ದರೆ ಯಾರೂ ಪಾಲಿಸುವುದಿಲ್ಲ.

ಮೂರನೆಯದು ಅತಿಥಿ ಶಿಕ್ಷಕರು. ಗೌರವಧನ ಕಡಿಮೆ, ಅದೂ ತಡವಾಗಿ ಬರುತ್ತದೆ, ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲ. ಹೆಚ್ಚುವರಿ ಕೆಲಸ ಹೇಳಿದರೆ ಇಲ್ಲ ಎನ್ನಲು ಅವರಿಗೆ ಧೈರ್ಯ ಬರುವುದಿಲ್ಲ. ಮೀಟಿಂಗಿನಲ್ಲಿ ಅವರನ್ನು ಮೊದಲು ಮಾತಾಡಲು ಬಿಡಿ. ಸುಮ್ನೆ ಕೂತಿರುತ್ತಾರೆ ಎಂದರೆ ಸರಿಯಾಗಿದ್ದಾರೆ ಎಂದಲ್ಲ.

ಸಹೋದ್ಯೋಗಿಗಳಲ್ಲಿ ಏನು ಗಮನಿಸಬೇಕು? ಯಾವಾಗಲೂ ನಗುತ್ತಿದ್ದವರು ಮಕ್ಕಳ ಮೇಲೆ ಸಣ್ಣ ಸಣ್ಣದಕ್ಕೆ ರೇಗುವುದು. ಬುತ್ತಿ ಬಿಚ್ಚದೆ ವಾಪಸ್ ಒಯ್ಯುವುದು. ಸೋಮವಾರದ ರಜೆ ಜಾಸ್ತಿಯಾಗುವುದು. "ರಾತ್ರಿ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ" ಎಂದು ಮೂರು ಸಲ ಹೇಳಿದರೆ ಅದು ಲೋಕಾಭಿರಾಮದ ಮಾತಲ್ಲ. ಆಗ ಸಲಹೆ ಕೊಡಬೇಡಿ. ಅವರ ಒಂದು ಪೀರಿಯಡ್ ನೀವು ತೆಗೆದುಕೊಳ್ಳಿ, ಚಾ ಕುಡಿಯಲು ಕರೆಯಿರಿ. ಮನಸ್ಸಿನ ಆರೋಗ್ಯಕ್ಕೆಂದು ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಅದರ ನಂಬರ್ 14416 ಮಕ್ಕಳಿಗೆ ಮಾತ್ರ ಇರುವುದಲ್ಲ, ಟೀಚರುಗಳೂ ಕರೆ ಮಾಡಬಹುದು ಎಂದು ಹೇಳಿ. ಅಡುಗೆಯವರು, ಆಯಾ, ಅಟೆಂಡರ್, ವ್ಯಾನ್ ಡ್ರೈವರ್ ಇವರನ್ನೂ ಸ್ಟಾಫ್ ಎಂದೇ ಲೆಕ್ಕ ಹಾಕಿ.

ಹೆಜ್ಜೆ 2: ನಾಲ್ಕೈದು ಜನರ ತಂಡ ಮಾಡಿ, ನಂಬರ್ ಬರೆದು ಗೋಡೆಗೆ ಹಚ್ಚಿ

ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಅದರ ಪ್ರಕಾರ ಶಾಲೆಗೆ ಇಬ್ಬರು ಶಿಕ್ಷಕರು ತರಬೇತಿ ಪಡೆದ ಆರೋಗ್ಯ ರಾಯಭಾರಿಗಳಾಗಬೇಕು. ನಿಮ್ಮ ಶಾಲೆಯಲ್ಲಿ ಅದು ಯಾರು? ಹುಡುಕಿ. ಎಷ್ಟೋ ಕಡೆ ಅವರ ಹೆಸರು ಫೈಲಿನಲ್ಲಿ ಮಾತ್ರ ಉಂಟು. ಅವರ ಜೊತೆಗೆ ಪಿಟಿ ಮೇಷ್ಟ್ರನ್ನು ಸೇರಿಸಿ, ಮೈದಾನದಲ್ಲಿ ಯಾರು ಯಾರನ್ನು ಆಟಕ್ಕೆ ಸೇರಿಸುವುದಿಲ್ಲ ಎಂದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ. ಬಿಸಿಯೂಟದ ಒಬ್ಬ ಅಕ್ಕನನ್ನು ಸೇರಿಸಿ. ಯಾಕೆಂದು ಮೇಲೆ ಓದಿದ್ದೀರಿ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಮಾಡಿಟ್ಟುಕೊಳ್ಳಬೇಕು. ಪಾಠ ಮಾಡುವವರಿಗೂ ಉಳಿದ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಹಾಸ್ಟೆಲ್, ಕೋಚಿಂಗ್ ಸೆಂಟರ್‌ಗಳೂ ಇದರಲ್ಲಿ ಬಂದವು. ಮ್ಯಾನೇಜ್‌ಮೆಂಟಿನವರು "ದುಡ್ಡೆಲ್ಲಿ?" ಎಂದು ಕೇಳಿದಾಗ ಈ ತೀರ್ಪಿನ ಪ್ರಿಂಟ್ ಮೇಜಿನ ಮೇಲಿಡಿ. ಮೂರ್ನಾಲ್ಕು ಅನುದಾನಿತ ಶಾಲೆಗಳು ಸೇರಿ ಒಬ್ಬ ಕೌನ್ಸೆಲರನ್ನು ವಾರಕ್ಕೊಂದು ದಿನದಂತೆ ಹಂಚಿಕೊಂಡರೆ ಏನೂ ಇಲ್ಲದ್ದಕ್ಕಿಂತ ಮೇಲು.

ಆಮೇಲೆ ತಂಡದ ಇಬ್ಬರು ಒಂದು ದಿನ ಆಸ್ಪತ್ರೆಗೆ ಹೋಗಿ ಬನ್ನಿ. ಮಗುವನ್ನು ಕರೆದುಕೊಂಡಲ್ಲ, ಸುಮ್ನೆ ಪರಿಚಯಕ್ಕೆ. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಮಣಿಪಾಲದ ಕೆಎಂಸಿಯಲ್ಲೂ ಮನೋವೈದ್ಯ ವಿಭಾಗ ಉಂಟು. ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ವಿಚಾರಿಸಿ, ಹದಿಹರೆಯದವರಿಗೆಂದು ಇರುವ ಸ್ನೇಹ ಕ್ಲಿನಿಕ್ ಯಾವ ದಿನ ಎಂದು ಬರೆದುಕೊಳ್ಳಿ. ಯಾವ ರೂಮು, ಚೀಟಿ ಎಲ್ಲಿ ಮಾಡಿಸಬೇಕು, ಎಷ್ಟು ಗಂಟೆಗೆ ಹೋದರೆ ಜನ ಕಡಿಮೆ, ಇದೆಲ್ಲ ಸಣ್ಣ ವಿಷಯ ಅನಿಸಬಹುದು. ಹೆದರಿ ಕೂತ ಅಮ್ಮನಿಗೆ "ಎರಡನೇ ಬಾಗಿಲಿನ ಪಕ್ಕ ಕೌಂಟರ್ ಉಂಟು, ನಾನು ನೋಡಿ ಬಂದಿದ್ದೇನೆ" ಎಂದು ಹೇಳಿದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಗೋಡೆಗೆ ಹಚ್ಚಬೇಕಾದ ನಂಬರುಗಳು ಇವು:

ಟೆಲಿ ಮಾನಸ್: 14416. ಉಚಿತ, 24 ಗಂಟೆಯೂ ಉಂಟು, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ.
ಮಕ್ಕಳ ಸಹಾಯವಾಣಿ: 1098.
ತುರ್ತಿಗೆ: 112. ಆಂಬುಲೆನ್ಸ್: 108.

ಹೆಡ್‌ಮಾಸ್ಟ್ರ ರೂಮಿನಲ್ಲಿ ಹಚ್ಚಿದರೆ ಯಾವ ಮಗು ನೋಡುತ್ತದೆ? ಟಾಯ್ಲೆಟ್ಟಿನ ಬಾಗಿಲ ಒಳಬದಿಗೆ ಹಚ್ಚಿ. ಯಾರಿಗೂ ಕಾಣದ ಹಾಗೆ ನಂಬರ್ ನೋಡಿಕೊಳ್ಳಲು ಶಾಲೆಯಲ್ಲಿ ಇರುವ ಜಾಗ ಅದೊಂದೇ.

ಹೆಜ್ಜೆ 3: ನೋಡಿ, ಬರೆದಿಡಿ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬೀಗ ಹಾಕುವ ಕಪಾಟಿನಲ್ಲಿರಲಿ. ತಂಡದವರು ಮಾತ್ರ ಬರೆಯಬೇಕು, ತಂಡದವರು ಮಾತ್ರ ಓದಬೇಕು. ದಿನಾಂಕ, ಕಂಡದ್ದು, ಮಾಡಿದ್ದು, ಇಷ್ಟೇ. "ಡಿಪ್ರೆಶನ್ ಇರಬಹುದು" ಎಂದು ಬರೆಯಬೇಡಿ, ಅದು ಡಾಕ್ಟರ ಕೆಲಸ. "ಮೂರು ದಿನದಿಂದ ಊಟದ ತಟ್ಟೆ ಹಾಗೇ ಬಿಟ್ಟಿದ್ದಾನೆ, ಕೊನೆಯ ಬೆಂಚಿಗೆ ಹೋಗಿ ಕೂತಿದ್ದಾನೆ" ಎಂದು ಬರೆಯಿರಿ. ಇಂಥ ಪುಸ್ತಕ ಇದ್ದಿದ್ದರೆ ಗುರುವಾರದ ಲೆಕ್ಕ ನನಗೆ ಎರಡನೇ ವಾರಕ್ಕೇ ಸಿಗುತ್ತಿತ್ತು.

ಒಂದು ದಿನ ಮುಖ ಸಪ್ಪೆಯಾಗಿದ್ದರೆ ಗಾಬರಿ ಬೇಡ. ಎರಡು ವಾರ ಹಾಗೇ ಮುಂದುವರಿದರೆ, ಅಥವಾ ಮಗು ಇದ್ದಕ್ಕಿದ್ದಂತೆ ಬೇರೆಯೇ ಆಗಿಬಿಟ್ಟರೆ, ಹತ್ತಿರ ಹೋಗಿ. ನಿದ್ದೆ, ಊಟ, ಮಾರ್ಕು, ಗೆಳೆಯರು, ಸಿಟ್ಟು, ಮೈಕೈ ನೋವು, ಗೈರುಹಾಜರಿ ಇವುಗಳಲ್ಲಿ ಬದಲಾವಣೆ ನೋಡಿ. ಸಣ್ಣ ಮಕ್ಕಳಿಗೂ ಹದಿಹರೆಯದವರಿಗೂ ಬೇಸರ ಹೆಚ್ಚಾಗಿ ಮೈಯಲ್ಲೇ ಕಾಣಿಸಿಕೊಳ್ಳುತ್ತದೆ, ತಲೆನೋವು, ಹೊಟ್ಟೆನೋವು. ಅದು ನಾಟಕವಲ್ಲ. ನೋವು ನಿಜವಾಗಿಯೂ ಇರುತ್ತದೆ. ಹಾಗೆಂದು ಡಾಕ್ಟರಿಗೆ ತೋರಿಸದೆ ಎಲ್ಲವನ್ನೂ ಮನಸ್ಸಿನ ಖಾತೆಗೆ ಹಾಕಬೇಡಿ, ಹುಳುವಿನ ತೊಂದರೆಯೂ ಇರಬಹುದು, ಮುಟ್ಟಿನ ನೋವೂ ಇರಬಹುದು.

ನಮ್ಮ ಕರಾವಳಿಗೆ ಅದರದ್ದೇ ಒಂದು ಕ್ಯಾಲೆಂಡರ್ ಉಂಟು, ಅದನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟುಗಳು ದಡದಲ್ಲಿರುತ್ತವೆ. ಮನೆಯಲ್ಲಿ ಸಂಪಾದನೆ ಇಲ್ಲ, ಅದೇ ಹೊತ್ತಿಗೆ ಫೀಸು, ಯೂನಿಫಾರ್ಮ್, ಕೊಡೆ. ಕೆಲವು ಮನೆಗಳಲ್ಲಿ ಕುಡಿತವೂ ಜಗಳವೂ ಜಾಸ್ತಿಯಾಗುವ ಕಾಲ ಅದು. ಗಲ್ಫ್‌ನಲ್ಲೋ ಮುಂಬೈಯ ಹೋಟೆಲಿನಲ್ಲೋ ದುಡಿಯುವ ಅಪ್ಪ ರಜೆಗೆ ಬಂದಾಗ ಮಗು ಹಾರಾಡುತ್ತದೆ. ಅಪ್ಪ ವಾಪಸ್ ವಿಮಾನ ಹತ್ತಿದ ವಾರ ಮಂಕಾಗುತ್ತದೆ. ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರ ಮಕ್ಕಳಿಗೆ ಸುತ್ತಲೂ ತುಳು, ಬ್ಯಾರಿ, ಕೊಂಕಣಿ. ಆಟಕ್ಕೆ ಸೇರುವುದೇ ಅವರಿಗೆ ದೊಡ್ಡ ಪರೀಕ್ಷೆ. ಅವರ ಕನ್ನಡವನ್ನು ಆಡಿಕೊಂಡು ನಗುವುದು ತಮಾಷೆ ಅಲ್ಲ, ಅಲ್ಲಲ್ಲೇ ನಿಲ್ಲಿಸಿ.

ಇನ್ನೊಂದು ಕಡೆ, ಜನವರಿಯ ಒಂದು ಬೆಳಿಗ್ಗೆ ಹುಡುಗನೊಬ್ಬ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ. ಹೊಸದಾಗಿ ತರಬೇತಿ ಮುಗಿಸಿ ಬಂದಿದ್ದ ನಾನು ಹೌಹಾರಿದೆ. "ಎಂತ ಇಲ್ಲ ಟೀಚರ್, ನಿನ್ನೆ ನಮ್ಮಲ್ಲಿ ಕೋಲ ಇತ್ತು" ಎಂದ. ರಾತ್ರಿಯಿಡೀ ನಡೆಯುವ ದೈವದ ಕೋಲ, ಯಕ್ಷಗಾನದ ಸೀಸನ್ನಿನಲ್ಲಿ ಮೊದಲು ಆ ಪ್ರಶ್ನೆ ಕೇಳಿಕೊಳ್ಳಿ.

ಹೆಜ್ಜೆ 4: ಮಾತಾಡಿಸುವ ರೀತಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ನಾನು ಅತಿ ಹೆಚ್ಚು ತಪ್ಪು ಮಾಡಿದ್ದೂ ಇಲ್ಲಿಯೇ.

ಜಾಗ ಮೊದಲು. ಸ್ಟಾಫ್ ರೂಮ್ ಬೇಡ, ಎಲ್ಲರ ಕಿವಿ ಅಲ್ಲೇ ಇರುತ್ತದೆ. ಬಾಗಿಲು ಮುಚ್ಚಿದ ರೂಮೂ ಬೇಡ. ಕಾರಿಡಾರಿನ ಕೊನೆ, ಮರದ ಕಟ್ಟೆ, ಶಾಲೆ ಬಿಟ್ಟ ಮೇಲೆ ಖಾಲಿಯಾದ ಜಗಲಿ, ಇಂಥ ಕಡೆ ಕೂರಿ. ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬಾರದು. ಎದುರುಬದುರು ಕೂತರೆ ವಿಚಾರಣೆ ಥರ ಆಗುತ್ತದೆ. ಪಕ್ಕದಲ್ಲಿ ಕೂತು ಏನಾದರೂ ಕೆಲಸ ಮಾಡುತ್ತಾ ಮಾತಾಡಿ. ಲೈಬ್ರರಿಯ ಪುಸ್ತಕಗಳಿಗೆ ರಟ್ಟು ಹಾಕುತ್ತಾ ನನ್ನ ಹತ್ತಿರ ಬಾಯಿ ಬಿಟ್ಟ ಮಕ್ಕಳು ಎಷ್ಟೋ ಮಂದಿ.

ಭಾಷೆ ಆಮೇಲೆ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮಗುವಿನ ಬೇಸರವನ್ನು ಇಂಗ್ಲಿಷಿನಲ್ಲಿ ಕೇಳಿದರೆ ಸಿಗುವ ಉತ್ತರ "ಫೈನ್ ಮಿಸ್". ಮನೆಯಲ್ಲಿ ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆಯಲ್ಲಿ ಕೇಳಿ. ತುಳುವಿನಲ್ಲಿ "ದಾನೆ ಆಂಡ್ ಮಗಾ?" (ಏನಾಯ್ತು ಮಗಾ?) ಎಂದರೆ ಮೊದಲು "ದಾಲ ಇಜ್ಜಿ ಟೀಚರ್" (ಏನೂ ಇಲ್ಲ ಟೀಚರ್) ಎಂದೇ ಬರುತ್ತದೆ, ಆದರೆ ಮುಖ ಮಾತ್ರ ಮೇಲೆ ಏಳುತ್ತದೆ. ನಿಮಗೆ ಆ ಭಾಷೆ ಬರದಿದ್ದರೆ ಬರುವವರು ಯಾರೆಂದು ಗೊತ್ತಿರಲಿ.

ಹೊಟ್ಟೆನೋವಿನ ಹುಡುಗಿಯ ಜೊತೆ ಮಾತು ಹೀಗೆ ನಡೆಯಿತು.

"ಗುರುವಾರ ನಿನಗೆ ಕಷ್ಟ ಆಗ್ತದೆ ಅಂತ ಕಾಣ್ತದೆ. ಹೌದಾ?"

ಮಾತಿಲ್ಲ. ರಟ್ಟಿನ ಅಂಚು ಉಗುರಿನಿಂದ ಕೆರೆಯುತ್ತಿದ್ದಳು.

"ನೀನು ಓದುವಾಗ ಕ್ಲಾಸಿನವರು ನಕ್ಕದ್ದು ನನಗೆ ನೆನಪುಂಟು. ನಾನು ಅವತ್ತು ಏನೂ ಹೇಳಲಿಲ್ಲ. ಹೇಳಬೇಕಿತ್ತು."

ತುಂಬಾ ಹೊತ್ತಿನ ಮೇಲೆ ಅವಳೆಂದಳು, "ನೀವೂ ಸ್ವಲ್ಪ ನಗಾಡಿದ್ರಿ ಟೀಚರ್."

ನನಗೆ ಅದು ನೆನಪೇ ಇರಲಿಲ್ಲ. ಇಲ್ಲ ಎಂದು ವಾದ ಮಾಡಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಸಾರಿ ಕೇಳಿದೆ. ಮುಂದಿನ ವಾರದಿಂದ ಇಬ್ಬಿಬ್ಬರಾಗಿ ಓದಿಸಿದೆ, ಬೇಡವೆನ್ನುವವರಿಗೆ ನನ್ನ ಟೇಬಲ್ ಹತ್ತಿರ ಬಂದು ಓದುವ ಅವಕಾಶ ಕೊಟ್ಟೆ. ಹೊಟ್ಟೆನೋವು ಒಂದೇ ದಿನದಲ್ಲಿ ಹೋಗಲಿಲ್ಲ. ನವರಾತ್ರಿ ರಜೆಯ ಹೊತ್ತಿಗೆ ಹೋಯಿತು.

ಬಾಯಿಂದ ಬರಬಾರದ ಮಾತುಗಳು ಕೆಲವು ಉಂಟು. "ಇಷ್ಟಕ್ಕೆಲ್ಲ ಯಾರಾದರೂ ಅಳುತ್ತಾರಾ?" "ನಮ್ಮ ಕಾಲದಲ್ಲಿ ಬೆತ್ತದ ಪೆಟ್ಟು ತಿಂದು ಕಲಿತವರು ನಾವು." "ಮನೆಯವರಿಗೆ ಎಷ್ಟು ಬೇಜಾರಾಗ್ತದೆ ಯೋಚನೆ ಮಾಡು." ಈ ಕೊನೆಯದು ಒಳ್ಳೆಯ ಮಾತಿನ ಹಾಗೆ ಕಾಣುತ್ತದೆ, ಆದರೆ ಮೊದಲೇ ಭಾರ ಹೊತ್ತ ಮಗುವಿನ ಮೇಲೆ ಇನ್ನೊಂದು ಕಲ್ಲು ಹೇರಿದ ಹಾಗೆ. ಬೆತ್ತದ ವಿಷಯ ಬಂತಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರೆದುರು ಅವಮಾನ ಮಾಡುವುದು ಶಿಸ್ತಿನ ಲೆಕ್ಕಕ್ಕೆ ಬರುವುದಿಲ್ಲ.

ಗುಟ್ಟಿನ ಮಾತು. "ಯಾರಿಗೂ ಹೇಳುವುದಿಲ್ಲ" ಎಂದು ಯಾವತ್ತೂ ಮಾತು ಕೊಡಬೇಡಿ. "ನಿನ್ನ ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೇಳಬೇಕಾಗ್ತದೆ. ಆಗಲೂ ಯಾರಿಗೆ ಹೇಳ್ತೇನೆ ಅಂತ ಮೊದಲು ನಿನಗೆ ತಿಳಿಸ್ತೇನೆ" ಎನ್ನಿ. ಇದನ್ನು ಕಲಿತದ್ದು ಕೆಟ್ಟ ರೀತಿಯಲ್ಲಿ. ವರ್ಷಗಳ ಹಿಂದೆ, ಹಿಂದಿನ ಶಾಲೆಯಲ್ಲಿ, ಹುಡುಗನೊಬ್ಬ ಮನೆಯ ಜಗಳದ ವಿಷಯ ನನ್ನ ಹತ್ತಿರ ಹೇಳಿದ್ದ. ಚಾ ಹೊತ್ತಿನಲ್ಲಿ, "ಪಾಪ" ಎಂಬ ಭಾವದಲ್ಲೇ, ಸಹೋದ್ಯೋಗಿಯ ಹತ್ತಿರ ಅಂದುಬಿಟ್ಟೆ. ಅವರ ಮಗ ಅದೇ ಕ್ಲಾಸಿನಲ್ಲಿದ್ದ. ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಆ ಹುಡುಗ ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ.

ಹೆಜ್ಜೆ 5: ಮನೆಯವರನ್ನು ಕರೆಯುವಾಗ

ಡೈರಿಯಲ್ಲಿ ಕೆಂಪು ಶಾಯಿಯಿಂದ "ಪೋಷಕರು ಬಂದು ಭೇಟಿಯಾಗಬೇಕು" ಎಂದು ಬರೆದು ಕಳಿಸಬೇಡಿ. ಆ ರಾತ್ರಿ ಮಗುವಿಗೆ ಪೆಟ್ಟು ಗ್ಯಾರಂಟಿ. ಫೋನ್ ಮಾಡಿ, ಮೊದಲು ಮಗುವಿನ ಬಗ್ಗೆ ಒಂದು ಒಳ್ಳೆಯ ಸಂಗತಿ ಹೇಳಿ, ಆಮೇಲೆ ಕರೆಯಿರಿ. ಮೀನು ಮಾರುವ ಅಮ್ಮನಿಗೂ ಬೀಡಿ ಕಟ್ಟುವ ಅಮ್ಮನಿಗೂ ಅವರಿಗೆ ಆಗುವ ಹೊತ್ತು ಕೇಳಿ. ಬೆಳಿಗ್ಗೆ ಹತ್ತಕ್ಕೇ ಬನ್ನಿ ಎಂದರೆ ಒಂದು ದಿನದ ಸಂಪಾದನೆ ಹೋಯಿತು.

"ಮೆಂಟಲ್", "ಮರ್ಲ್" (ಹುಚ್ಚು) ಎಂಬ ಮಾತು ಅವರ ಮನಸ್ಸಿನಲ್ಲಿ ಮೊದಲೇ ಕೂತಿರುತ್ತದೆ. ರೋಗದ ಹೆಸರು ಹೇಳಲು ಹೋಗಬೇಡಿ. "ನಿದ್ದೆ ಸರಿ ಇಲ್ಲ, ಊಟ ಸೇರುತ್ತಿಲ್ಲ, ಒಮ್ಮೆ ಡಾಕ್ಟರಿಗೆ ತೋರಿಸುವ" ಎಂದರೆ ಕೇಳುತ್ತಾರೆ. ಕೆಲವರು ದೈವದ ಹತ್ತಿರ ಕೇಳಬೇಕು, ಪ್ರಶ್ನೆ ಇಡಿಸಬೇಕು, ನೂಲು ಕಟ್ಟಿಸಬೇಕು ಎನ್ನುತ್ತಾರೆ. ನಾನು ಅದಕ್ಕೆ ಅಡ್ಡ ಮಾತಾಡುವುದಿಲ್ಲ. "ಅದನ್ನೂ ಮಾಡಿ, ಇದನ್ನೂ ಮಾಡಿ, ಆದರೆ ಡಾಕ್ಟರ ಹತ್ತಿರ ಈ ವಾರವೇ ಹೋಗುವ" ಎನ್ನುತ್ತೇನೆ. ನಂಬಿಕೆಯ ಜೊತೆ ಜಗಳಕ್ಕೆ ನಿಂತರೆ ಮಗು ಆಸ್ಪತ್ರೆಗೂ ಬರುವುದಿಲ್ಲ, ಶಾಲೆಗೂ ಬರುವುದಿಲ್ಲ.

ಮನೆಯಲ್ಲೇ ಹಿಂಸೆ ನಡೆಯುತ್ತಿದೆ ಎಂಬ ಅನುಮಾನ ಇದ್ದರೆ ಮನೆಯವರನ್ನು ಕರೆಯುವ ಮೊದಲು 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಗೊತ್ತಿದ್ದೂ ತಿಳಿಸದಿದ್ದರೆ ಶಿಕ್ಷೆ ಉಂಟು. "ಶಾಲೆಯ ಹೆಸರು ಹಾಳಾಗ್ತದೆ" ಎಂದು ಒಳಗೊಳಗೇ ರಾಜಿ ಪಂಚಾಯಿತಿ ಮಾಡುವ ಹಾಗಿಲ್ಲ.

ಹೆಜ್ಜೆ 6: "ಬದುಕುವುದೇ ಬೇಡ" ಎಂದು ಮಗು ಹೇಳಿದರೆ

ತಮಾಷೆಗೆ ಹೇಳಿದ್ದು ಎಂದು ಬಿಡಬೇಡಿ. ಇಷ್ಟದ ಸಾಮಾನು ಗೆಳೆಯರಿಗೆ ಕೊಟ್ಟುಬಿಡುವುದು, ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ವಿದಾಯದ ಮಾತು, ಕೈ ಮುಚ್ಚಿಕೊಳ್ಳಲು ಸೆಕೆಯಲ್ಲೂ ಉದ್ದ ತೋಳಿನ ಅಂಗಿ, ಇವೂ ಅದೇ ಲೆಕ್ಕ.

ನೇರವಾಗಿ ಕೇಳಿ: "ಸಾಯಬೇಕು ಅಂತ ಯೋಚನೆ ಬರ್ತದಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಹಾಗಾಗುವುದಿಲ್ಲ. ಹೆಚ್ಚಿನ ಸಲ ಮಗುವಿಗೆ ಉಸಿರು ಬಿಟ್ಟ ಹಾಗಾಗುತ್ತದೆ. ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ. "ನೀನು ಹೇಳಿದ್ದು ಒಳ್ಳೇದಾಯ್ತು" ಎನ್ನಿ.

ಅಲ್ಲಿಂದ ಮುಂದೆ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ, ಟಾಯ್ಲೆಟ್ಟಿಗೆ ಹೋದರೂ ಬಾಗಿಲ ಹತ್ತಿರ ಒಬ್ಬರು ಇರಲಿ. ಇನ್ನೊಬ್ಬರು ಮನೆಯವರಿಗೆ ಫೋನ್ ಮಾಡಲಿ. ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ನೀವೇ ಕರೆ ಮಾಡಿ ಕೇಳಿ. ಏನಾದರೂ ಮಾಡಿಕೊಂಡಾಗಿದೆ ಎಂದರೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ, ಸೀದಾ 108. ಅಪಾಯ ಕಂಡ ದಿನ ಮಗುವನ್ನು ಸ್ಕೂಲ್ ವ್ಯಾನಿನಲ್ಲಿ ಒಬ್ಬನೇ ಕಳಿಸಬಾರದು. ಮನೆಯವರು ಬಂದು ಕರೆದುಕೊಂಡು ಹೋಗಬೇಕು, ಅದೇ ದಿನ ಅಥವಾ ಮರುದಿನ ಡಾಕ್ಟರಿಗೆ ತೋರಿಸಬೇಕು. ಔಷಧಿ, ಕೀಟನಾಶಕದಂಥವನ್ನು ಮನೆಯಲ್ಲಿ ಬೀಗ ಹಾಕಿಡಲು ಹೇಳಿ. ಅಡಿಕೆ ತೋಟದ ಮನೆಗಳಲ್ಲಿ ಇದನ್ನು ಬಾಯಿಬಿಟ್ಟೇ ಹೇಳಬೇಕು.

ಪೊಲೀಸ್ ಕೇಸಿನ ಹೆದರಿಕೆಗೆ ಕೆಲವರು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ನೋಡುತ್ತದೆ. ಅವರಿಗೆ ಸಿಗಬೇಕಾದದ್ದು ಆರೈಕೆ, ಶಿಕ್ಷೆಯಲ್ಲ. ಇದನ್ನು ಮನೆಯವರಿಗೆ ಬಿಡಿಸಿ ಹೇಳಿ.

ಆಸ್ಪತ್ರೆಯಿಂದ ಮಗು ಶಾಲೆಗೆ ವಾಪಸಾಗುವ ದಿನ ಗೇಟಿನ ಹತ್ತಿರ ಒಬ್ಬರು ಇರಿ. ಜಾಸ್ತಿ ಮಾತು ಬೇಡ. ಕ್ಲಾಸಿನವರಿಗೆ ಏನು ಹೇಳಬೇಕೆಂದು ಮೊದಲೇ ಮಗುವನ್ನೇ ಕೇಳಿಟ್ಟುಕೊಳ್ಳಿ. ಬಾಕಿ ನೋಟ್ಸನ್ನೆಲ್ಲ ಒಟ್ಟಿಗೆ ಬರೆಯಲು ಹೇಳಬೇಡಿ.

ಹೆಜ್ಜೆ 7: ರಿಸಲ್ಟಿನ ದಿನಕ್ಕೆ ತಯಾರಿ

ನಮ್ಮೆರಡು ಜಿಲ್ಲೆಗಳ ಹೆಮ್ಮೆಯೂ ಕಾಯಿಲೆಯೂ ಇದೇ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12 ತೆಗೆದು ಮೊದಲು, ಉಡುಪಿ ಎರಡನೆಯದು. ಪೇಪರಿನಲ್ಲಿ ಇಷ್ಟು ಬರುತ್ತದೆ. ನೂರರಲ್ಲಿ ಉಳಿದ ಒಂಬತ್ತು ಮಕ್ಕಳ ಸುದ್ದಿ ಬರುವುದಿಲ್ಲ. ಅರ್ಧಕ್ಕರ್ಧ ಮಕ್ಕಳು ಫೇಲಾಗುವ ಕಡೆ ಫೇಲಾದವನಿಗೆ ಜೊತೆಗಾರರಿರುತ್ತಾರೆ. ಬೀದಿಯ ಎಲ್ಲರೂ ಪಾಸಾಗುವ ಊರಿನಲ್ಲಿ ಫೇಲಾದವನು ಒಬ್ಬನೇ.

ಹಾಗಾಗಿ ಜನವರಿಯಲ್ಲೇ ಶುರು ಮಾಡಿ. 2024ರಿಂದ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಪರೀಕ್ಷೆಗಳಿವೆ, ಪರೀಕ್ಷೆ 1 ಹೋದರೆ 2. ಇದನ್ನು ಮಕ್ಕಳಿಗೆ ಹೇಳಿದರೆ ಓದುವುದು ಬಿಡುತ್ತಾರೆ ಎಂದು ಹೆದರುವ ಟೀಚರುಗಳು ಉಂಟು. ನನಗೆ ಹಾಗನಿಸುವುದಿಲ್ಲ. ಹೊರಗೆ ಹೋಗಲು ಬಾಗಿಲು ಉಂಟೆಂದು ಗೊತ್ತಿದ್ದವರು ರೂಮಿನಲ್ಲಿ ಆರಾಮಾಗಿ ಕೂರುತ್ತಾರೆ.

ಮಾರ್ಕಿನ ಪ್ರಕಾರ ಸೆಕ್ಷನ್ ಮಾಡುವುದನ್ನು ಬಿಡಿ. ಅದೇ ಸುಪ್ರೀಂ ಕೋರ್ಟಿನ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಪಿಟಿ ಪೀರಿಯಡನ್ನು ಗಣಿತಕ್ಕೆ ಕಿತ್ತುಕೊಳ್ಳಬೇಡಿ. ಹತ್ತನೇ ಕ್ಲಾಸಿನವರಿಗೆ ಆಟ ಎಲ್ಲರಿಗಿಂತ ಜಾಸ್ತಿ ಬೇಕು. ಉಡುಪಿಯ ಹಲವು ಹೈಸ್ಕೂಲುಗಳಲ್ಲಿ ಯಕ್ಷಗಾನ ಕಲಿಸುತ್ತಾರಲ್ಲ, ಹತ್ತನೆಗೆ ಬಂದ ಕೂಡಲೇ ಮಕ್ಕಳನ್ನು ಅದರಿಂದ ಬಿಡಿಸುವ ಅಪ್ಪ ಅಮ್ಮಂದಿರ ಹತ್ತಿರ ಮಾತಾಡಿ. ವಾರಕ್ಕೆ ಎರಡು ಗಂಟೆ ಚೆಂಡೆಯ ಪೆಟ್ಟಿಗೆ ಕುಣಿದ ಹುಡುಗ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ.

ರಿಸಲ್ಟಿನ ಹಿಂದಿನ ವಾರ ತಂಡ ಕೂತು ಒಂದು ಪಟ್ಟಿ ಮಾಡಿ. ಫೇಲಾಗಬಹುದಾದವರು ಮಾತ್ರ ಅಲ್ಲ, 600ರ ಮೇಲೆ ನಿರೀಕ್ಷೆ ಇಟ್ಟುಕೊಂಡವರೂ ಅದರಲ್ಲಿರಲಿ. 625ಕ್ಕೆ 580 ಬಂದು ಊಟ ಬಿಟ್ಟ ಹುಡುಗಿಯನ್ನು ನಾನು ನೋಡಿದ್ದೇನೆ. ಒಬ್ಬ ಟೀಚರಿಗೆ ಐದು ಮಕ್ಕಳು. ರಿಸಲ್ಟ್ ಬಂದ ಅರ್ಧ ಗಂಟೆಯೊಳಗೆ ಆ ಐವರಿಗೂ ಫೋನ್ ಹೋಗಬೇಕು. ಟಾಪರ್‌ಗಳಿಗೆ ಆಮೇಲೆ ಮಾಡಿದರಾಯಿತು, ಅವರ ಫೋನ್ ಹೇಗೂ ಬ್ಯುಸಿ ಇರುತ್ತದೆ. ಮರುದಿನ ಪರೀಕ್ಷೆ 2ರ ಫಾರ್ಮ್ ಹಿಡಿದು ಕೂರಲು ಶಾಲೆಯಲ್ಲಿ ಒಬ್ಬರು ಇರಲಿ. ಫ್ಲೆಕ್ಸ್ ಹಾಕಲೇಬೇಕು ಎಂದಿದ್ದರೆ ಎಲ್ಲರ ಗ್ರೂಪ್ ಫೋಟೋ ಹಾಕಿ. ಮ್ಯಾನೇಜ್‌ಮೆಂಟ್ ಒಪ್ಪುವುದಿಲ್ಲ, ಗೊತ್ತುಂಟು. ಆದರೂ ಕೇಳಿ ನೋಡಿ.

ಹೆಜ್ಜೆ 8: ದಿನಾ ಐದು ನಿಮಿಷ

ಇದಕ್ಕೆ ದೊಡ್ಡ ವಿವರಣೆ ಬೇಡ. ಮಧ್ಯಾಹ್ನ ಊಟದ ನಂತರ ಮೊದಲ ಪೀರಿಯಡಿನಲ್ಲಿ ಪಾಠಕ್ಕಿಂತ ಮುಂಚೆ ಐದು ನಿಮಿಷ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಮಳೆಗಾಲದಲ್ಲಿ ಹಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಕಣ್ಣು ಮುಚ್ಚಿ ಕೇಳಲು ಹೇಳಿ, ಹೇಗೂ ಆ ಸದ್ದಿನಲ್ಲಿ ನಿಮ್ಮ ಪಾಠ ಕೇಳುವುದಿಲ್ಲ. ಹಾಜರಿ ಕೂಗುವಾಗ ವಾರಕ್ಕೊಮ್ಮೆ "ಪ್ರೆಸೆಂಟ್" ಬದಲು ಹತ್ತರಲ್ಲಿ ಒಂದು ನಂಬರ್ ಹೇಳಲಿ, ಇವತ್ತು ಮನಸ್ಸು ಹೇಗುಂಟು ಎಂದು. ಒಬ್ಬ ತಮಾಷೆಗೆ ಹನ್ನೊಂದು ಎನ್ನುತ್ತಾನೆ, ನಗಲಿ ಬಿಡಿ. ಎರಡು ಎಂದವರ ಹೆಸರು ಮಾತ್ರ ನೆನಪಿಟ್ಟುಕೊಳ್ಳಿ, ಅಲ್ಲೇ ಯಾಕೆ ಎಂದು ಕೇಳಬೇಡಿ.

ಕೊನೆಗೆ ಒಂದು ಕೆಲಸ, ಪ್ರತಿ ಜೂನ್‌ನಲ್ಲಿ. ಗೋಡೆಗೆ ಹಚ್ಚಿದ ನಂಬರುಗಳ ಪಕ್ಕದಲ್ಲಿ ನೀವೇ ಬರೆದುಕೊಂಡ ಆಸ್ಪತ್ರೆಯ, ಕೌನ್ಸೆಲರ ನಂಬರುಗಳಿರುತ್ತವಲ್ಲ, ಅವಕ್ಕೆಲ್ಲ ಒಮ್ಮೆ ಕರೆ ಮಾಡಿ ನೋಡಿ. ಕಳೆದ ವರ್ಷ ನಮ್ಮ ಪಟ್ಟಿಯಲ್ಲಿದ್ದ ಒಂದು ನಂಬರಿಗೆ ಫೋನ್ ಮಾಡಿದರೆ, ಎತ್ತಿದವರು ಕುಂದಾಪುರದ ಒಬ್ಬ ಟೆಂಪೋ ಡ್ರೈವರ್. ಎರಡು ವರ್ಷದಿಂದ ಆ ಸಿಮ್ ಅವರ ಹತ್ತಿರ ಇತ್ತಂತೆ. "ನಡುನಡುವೆ ಮಕ್ಕಳ ಫೋನ್ ಬರ್ತದೆ ಟೀಚರೇ, ಎಂತ ಹೇಳುವುದು ಅಂತ ಗೊತ್ತಾಗದೆ ಊಟ ಆಯ್ತಾ ಅಂತ ಕೇಳ್ತೇನೆ" ಎಂದರು.